ಅಪ್ಪ ಸರಿಯಿದೆ ಅಂದ ಬೋರ್ಡು

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿ, ಬೀಗ ಹಾಕಿದ ಮೇಲೆ ಎಳೆದು ನೋಡಿ, ಬೀದಿಯ ತುದಿಯವರೆಗೆ ಹೋಗಿ ಇನ್ನೊಮ್ಮೆ ತಿರುಗಿ ಬರುವ ಪೈಕಿ. ಇದಕ್ಕಾಗಿ ಅಮ್ಮನಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಆದರೆ ಹೊಟ್ಟೆಪಾಡಿಗೆ ಈ ಗುಣವೇ ಕೆಲಸಕ್ಕೆ ಬಂತು. ಅರೆಕೆರೆಯ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಸರ್ಕ್ಯೂಟ್ ಬೋರ್ಡುಗಳ ಡಿಸೈನ್ ಮಾಡುತ್ತಿದ್ದೇನೆ. ಯುಪಿಎಸ್ಸು, ಬ್ಯಾಟರಿ ಚಾರ್ಜರು, ಲಿಫ್ಟಿನ ಕಂಟ್ರೋಲು, ಇಂಥವು. ಯಾವ ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವುದು ಯಾವುದಕ್ಕೆ ತಾಗಬಾರದು ಎಂದು ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಚಿಂತೆ ಮಾಡುವುದೇ ನನ್ನ ಉದ್ಯೋಗ. ಚಿಂತೆ ಮಾಡಿದ್ದಕ್ಕೆ ಸಂಬಳ ಕೊಡುವ ಕೆಲಸ ಇನ್ನೆಲ್ಲಿ ಸಿಗುತ್ತದೆ?

ಹೋದ ವರ್ಷ ನಮ್ಮ ಮನೆಗೆಂದೇ ಒಂದು ಆಂಪ್ಲಿಫೈಯರ್ ಬೋರ್ಡು ಮಾಡುವಾಗ ಮಾತ್ರ ನನ್ನ ಹೆದರಿಕೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅದಕ್ಕೆ ಕಾರಣ ಅಪ್ಪ.

ಅಪ್ಪ ಜಯನಗರದಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ರಾಮನವಮಿ ಬಂತೆಂದರೆ ಸುತ್ತಲಿನ ಪೆಂಡಾಲುಗಳ ಆಂಪ್ಲಿಫೈಯರ್‌ಗಳೆಲ್ಲ ನಮ್ಮ ಅಂಗಡಿಯ ಮುಂದೆ ಸಾಲಾಗಿ ಕೂತಿರುತ್ತಿದ್ದವು. ಅಂಗಡಿ ಮುಚ್ಚಿದ ಮೇಲೆ ಅಪ್ಪ ಅಮ್ಮ ಇಬ್ಬರೂ ಜೆ.ಪಿ. ನಗರದ ನನ್ನ ಮನೆಯಲ್ಲೇ ಇದ್ದಾರೆ. ಸಾವಿರಾರು ಸೆಟ್ಟು ರಿಪೇರಿ ಮಾಡಿದ ಮನುಷ್ಯ ತನ್ನದೇ ಬೋರ್ಡು ಹಾಕಿ ಒಂದು ಸೆಟ್ಟನ್ನೂ ಕಟ್ಟಿರಲಿಲ್ಲ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ರೆಡಿಮೇಡ್ ಬೋರ್ಡು ತಂದು ಜೋಡಿಸಿಕೊಡುವುದೇ ಆಗಿತ್ತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದರು.

“ಊರೋರಿಗೆಲ್ಲ ಬೋರ್ಡ್ ಹಾಕಿಕೊಡ್ತೀಯ. ನಮಗೂ ಒಂದು ಹಾಕು. ನಾನು ಕಟ್ತೀನಿ.”

“ಸರಿ, ಅಪ್ಪ ಮಗಳು ಸೇರ್ಕೊಂಡು ಮನೆ ಫ್ಯೂಸ್ ಹಾರಿಸಿ,” ಎಂದರು ಅಮ್ಮ.

ಎರಡು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅಪ್ಪ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ತಮಗೆ ಗೊತ್ತಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. “ಗ್ರೌಂಡ್ ಎಲ್ಲಾ ಒಂದೇ ಕಡೆ ಬಂದು ಸೇರ್ಲಿ, ಇಲ್ದಿದ್ರೆ ಗುಂಯ್ ಅನ್ನುತ್ತೆ.” “ಸ್ಪೀಕರ್‌ಗೆ ಹೋಗೋ ಗೆರೆ ದಪ್ಪ ಮಾಡು, ಸಂಕೋಚ ಬೇಡ.” ನಾವು ಜಗಳವಾಡಿದ್ದು ದೊಡ್ಡ ಟ್ರಾನ್ಸಿಸ್ಟರ್‌ಗಳ ವಿಷಯಕ್ಕೆ ಮಾತ್ರ. ಸ್ಪೀಕರ್ ತಳ್ಳುವ ಶಕ್ತಿಯೆಲ್ಲ ಅವುಗಳದ್ದೇ, ಚೆನ್ನಾಗಿ ಬಿಸಿಯಾಗುತ್ತವೆ. ಬಿಸಿ ಹೀರಲು ಅವನ್ನು ಹೀಟ್ ಸಿಂಕ್ ಅನ್ನುವ ಅಲ್ಯೂಮಿನಿಯಂ ದಿಮ್ಮಿಗೆ ಬಿಗಿಯಬೇಕು. ನಾನು ವೈರು ಎಳೆದು ದೂರ ಕೂರಿಸೋಣ ಎಂದೆ. ಅಪ್ಪ ಒಪ್ಪಲಿಲ್ಲ. “ವೈರ್ ಎಳೆದ್ರೆ ಇವತ್ತಲ್ಲ ನಾಳೆ ಬಿಟ್ಟುಹೋಗುತ್ತೆ. ಬೋರ್ಡಿನ ಕೆಳಗಡೆ ಮಲಗಿಸು, ಹೀಟ್ ಸಿಂಕ್ ಮೇಲೆ ಬೋರ್ಡೇ ಕೂತ್ಕೊಳ್ಳಲಿ.” ಕೊನೆಗೆ ಅವರದೇ ಗೆದ್ದಿತು.

ನಮ್ಮ ಮನೆಯಲ್ಲಿ ಬೋರ್ಡು ತಪಾಸಣೆಗೆ ಒಂದು ಪದ್ಧತಿಯಿದೆ, ಅಪ್ಪನೇ ಕಲಿಸಿದ್ದು. ಸರ್ಕ್ಯೂಟಿನ ಚಿತ್ರ ಒಂದು ಹಾಳೆ, ಬೋರ್ಡಿನ ನಕ್ಷೆ ಇನ್ನೊಂದು ಹಾಳೆ, ಕೈಯಲ್ಲಿ ಒಂದು ಕೆಂಪು ಪೆನ್ಸಿಲು. ಚಿತ್ರದಲ್ಲಿ ಒಂದು ಗೆರೆ ಹಿಡಿದು, ನಕ್ಷೆಯಲ್ಲಿ ಅದೇ ಗೆರೆ ಹುಡುಕಿ, ತುದಿಯಿಂದ ತುದಿಯವರೆಗೆ ಎರಡರ ಮೇಲೂ ಕೆಂಪು ತಿದ್ದಬೇಕು. ಕೆಂಪಾಗದ ಗೆರೆ ಒಂದೂ ಉಳಿಯದಿದ್ದರೆ ಬೋರ್ಡು ಪಾಸು. ನಕ್ಷೆ ಹಾಕಿದವರೇ ತಿದ್ದುವಂತಿಲ್ಲ, ಬೇರೆಯವರ ಕಣ್ಣು ಬೇಕು. ಆಫೀಸಿನಲ್ಲಿ ಇದನ್ನು ಮಾಡಿದರೆ ಎಳೆಯರು ನಗುತ್ತಾರೆ, ಸಾಫ್ಟ್‌ವೇರೇ ಎಲ್ಲ ನೋಡುತ್ತದೆ ಮೇಡಂ ಅನ್ನುತ್ತಾರೆ. ಗೆರೆ ಗೆರೆಗೆ ಕೂಡಿದೆಯೇ ಎಂದಷ್ಟೇ ಸಾಫ್ಟ್‌ವೇರ್ ನೋಡುತ್ತದೆ. ಟ್ರಾನ್ಸಿಸ್ಟರ್ ಬೆನ್ನು ಮೇಲೆ ಮಾಡಿದೆಯೋ ಹೊಟ್ಟೆ ಮೇಲೆ ಮಾಡಿದೆಯೋ ಅದಕ್ಕೇನು ಗೊತ್ತು.

ಈ ಸಲ ಅಪ್ಪ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಾ ಎಂದರು. ವಯಸ್ಸಾಯಿತು, ಕೇಳುತ್ತಾರೆ ಎಂದುಕೊಂಡೆ. ಬಾಲ್ಕನಿಯಲ್ಲಿ ಹಾಳೆ ಹರಡಿಕೊಂಡು ಒಂಬತ್ತು ದಿನ ಕೂತರು. ಹಿಂದೆಲ್ಲ ನನ್ನ ಆಫೀಸಿನ ನಕ್ಷೆ ನೋಡಿಕೊಡುವಾಗ ಎರಡು ದಿನ ಸಾಕಿತ್ತು. ಹತ್ತನೆಯ ದಿನ ಹಾಳೆ ಮಡಚಿ ಕೈಗಿಟ್ಟು, “ಎಲ್ಲಾ ಸರಿಯಿದೆ. ಕಳಿಸು,” ಎಂದರು. ಆ ಸಂಜೆಯೇ ಬೋರ್ಡು ತಯಾರಿಸುವವರಿಗೆ ಫೈಲು ಕಳಿಸಿದೆ. ಹಾಳೆ ಬಿಚ್ಚಿ ಸಹ ನೋಡಲಿಲ್ಲ.

ನೋಡಿದ್ದು ಮೂರು ದಿನದ ಮೇಲೆ, ಊಟದ ಟೇಬಲ್ಲಿನ ಮೇಲಿದ್ದುದನ್ನು ಎತ್ತಿಡುವಾಗ. ಹಾಳೆಯ ಎಡಭಾಗದಲ್ಲಿ ಕೆಂಪು ಗೆರೆಗಳು ತಾಮ್ರದ ಗೆರೆಗಳ ಮೇಲೆ ನೆಟ್ಟಗೆ ಕೂತಿದ್ದವು. ಬಲಕ್ಕೆ ಹೋಗುತ್ತ ಹೋಗುತ್ತ ಅವು ಪಕ್ಕಕ್ಕೆ ಸರಿದು, ಖಾಲಿ ಜಾಗದಲ್ಲಿ ಅಲೆದಾಡಿ, ಒಂದು ಕಡೆ ಸ್ಕ್ರೂ ಹಾಕುವ ತೂತಿನವರೆಗೂ ಹೋಗಿ ನಿಂತಿದ್ದವು. ಮೇಲಿನ ಮೂಲೆಯಲ್ಲಂತೂ ತಾಮ್ರವೇ ಇಲ್ಲದ ಕಡೆ ಅಪ್ಪ ಒಂದೇ ಸಮನೆ ಗೆರೆ ಎಳೆದಿದ್ದರು.

ಆ ಮೂಲೆಯನ್ನು ನಾನೇ ತಪಾಸಣೆ ಮಾಡಿದೆ. ದೊಡ್ಡ ಟ್ರಾನ್ಸಿಸ್ಟರ್‌ಗಳಿದ್ದ ಮೂಲೆ ಅದು. ಟ್ರಾನ್ಸಿಸ್ಟರ್‌ಗೆ ಮೂರು ಕಾಲು. ಬೋರ್ಡಿನ ಮೇಲೆ ಕೂತಾಗ ಎಡಕ್ಕೆ ಬರುವ ಕಾಲು, ಕೆಳಗೆ ಮಗುಚಿ ಹಾಕಿದರೆ ಬಲಕ್ಕೆ ಹೋಗುತ್ತದೆ. ಕೆಳಗೆ ಹಾಕುವುದೆಂದು ಜಗಳವಾಡಿ ತೀರ್ಮಾನಿಸಿದ ಮೇಲೂ ನಾನು ಮೇಲೆ ಕೂರಿಸುವ ಲೆಕ್ಕದಲ್ಲೇ ಗೆರೆ ಎಳೆದಿದ್ದೆ. ನಾಲ್ಕೂ ಟ್ರಾನ್ಸಿಸ್ಟರ್‌ಗಳ ಕಾಲು ಅದಲುಬದಲು. ಕರೆಂಟ್ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಸುಟ್ಟು, ಜೊತೆಗೆ ಸ್ಪೀಕರನ್ನೂ ಕರೆದುಕೊಂಡು ಹೋಗುತ್ತಿದ್ದವು. ಇಂಥ ತಪ್ಪನ್ನು ನಾನು ಆಫೀಸಿನಲ್ಲಿ ಮಾಡಿದವಳಲ್ಲ. ಇಲ್ಲಿ ಮಾಡಿದ್ದು, ಅಪ್ಪ ನೋಡುತ್ತಾರಲ್ಲ ಎಂಬ ಧೈರ್ಯದ ಮೇಲೆ.

ಮೊದಲು ಬೋರ್ಡು ಹಾಳಾಯಿತಲ್ಲ ಎಂದು ಯೋಚಿಸಿದೆ, ಆಮೇಲೆ ಅಪ್ಪನ ಕಣ್ಣು ಎಂದು ಯೋಚಿಸಿದೆ. ಈ ಕ್ರಮ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಾಗೆಂದು ಎದ್ದು ಹೋಗಿ ಕೇಳಿದೆನೇ? ಇಲ್ಲ. ಬಾಲ್ಕನಿಯಲ್ಲಿ ಬೆಳಕು ಕಡಿಮೆ, ಪೆನ್ಸಿಲು ಮೊಂಡು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಗೆರೆಗಳನ್ನು ತಿದ್ದಿ, ಯಾರಿಗೂ ಹೇಳದೆ ಎರಡನೆಯ ಸಲ ಬೋರ್ಡಿಗೆ ಆರ್ಡರ್ ಮಾಡಿದೆ. ಮೊದಲಿನದು ಬಂದರೆ ನಾನೇ ಇಸಿದುಕೊಂಡು ಬಚ್ಚಿಟ್ಟರಾಯಿತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಲೆಕ್ಕ. ಅಲ್ಲಿಂದ ಅಪ್ಪನನ್ನು ಕದ್ದು ನೋಡಲು ಶುರುಮಾಡಿದೆ. ಲೋಟ ತೆಗೆದುಕೊಳ್ಳುವ ಮುಂಚೆ ತಲೆಯನ್ನು ಸ್ವಲ್ಪ ತಿರುಗಿಸುತ್ತಿದ್ದರು. ಟೀಪಾಯಿಯ ಅಂಚಿಗೆ ಮೊಣಕಾಲು ಬಡಿದುಕೊಂಡು ಏನೂ ಆಗದವರಂತೆ ನಡೆಯುತ್ತಿದ್ದರು. ರಸ್ತೆಯಲ್ಲಿ ಹೋಗುವಾಗ ಒಂದು ಕೈ ಕಾಂಪೌಂಡ್ ಗೋಡೆಯ ಮೇಲೆ. ಒಂದು ದಿನ ನಾನು ಸುಮ್ಮನೆ, “ಪೇಪರ್ ಬಂತಾ ಅಪ್ಪ?” ಎಂದೆ.

“ಯಾಕೆ, ನನ್ನ ಕಣ್ಣಿಗೇನಾಗಿದೆ? ಚೆನ್ನಾಗೇ ಕಾಣುತ್ತೆ,” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ನಗಲಿಲ್ಲ. ಅಪ್ಪನ ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಪಕ್ಕದ ನೋಟ ಹೋಗಲು ಶುರುವಾಗಿ ಪೂರ್ತಿ ಕಾಣದಂತಾಗಿತ್ತು ಎಂದು ಕೇಳಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಓದಿದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ವಂಶದಲ್ಲಿ ಬರುತ್ತದೆ. ಹೋದ ದೃಷ್ಟಿ ಹೋದದ್ದೇ. ಉಳಿದದ್ದನ್ನು ಮಾತ್ರ ಉಳಿಸಿಕೊಳ್ಳಬಹುದು, ಅದೂ ಬೇಗ ಹೋದರೆ. ಅಂದರೆ ನಾನು ಸುಮ್ಮನಿದ್ದ ಒಂದೊಂದು ದಿನವೂ ಅಪ್ಪನ ಕಣ್ಣಿನಿಂದ ಹೋಗುತ್ತಿತ್ತು. ಇಷ್ಟು ತಿಳಿದ ಮೇಲೂ ಮತ್ತೆ ನಾಲ್ಕು ದಿನ ಬಾಯಿ ಬಿಡಲಿಲ್ಲ. ಹೆದರುವವರು ಹುಷಾರಾಗಿರುತ್ತಾರೆ ಎಂದು ಜನ ತಿಳಿಯುತ್ತಾರೆ. ಹೆದರುವವರು ಮುಂದೂಡುತ್ತಾರೆ, ಅಷ್ಟೇ.

ಐದನೆಯ ದಿನ ಮಧ್ಯಾಹ್ನ ಆಫೀಸಿಗೆ ಅಮ್ಮ ಫೋನ್ ಮಾಡಿದರು. “ನಿನ್ನ ಬೋರ್ಡ್ ಬಂತು ಕಣೆ. ಸಂಜೆ ಬರೋವಾಗ ಕೊತ್ತಂಬರಿ ತಗೊಂಡು ಬಾ. ನಿಮ್ಮಪ್ಪ ಆಗಲೇ ಸಾಲ್ಡರಿಂಗ್ ಐರನ್ ಕಾಯೋಕೆ ಇಟ್ಟಾಯ್ತು.”

ಬಂದದ್ದು ಮೊದಲಿನ ಬೋರ್ಡು, ತಪ್ಪು ಬೋರ್ಡು. ತಲೆನೋವು ಎಂದು ಹೇಳಿ ಸ್ಕೂಟರ್ ಹತ್ತಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು ನಿಂತಿತ್ತು. ಬೆಸುಗೆಯ ಕಾದ ಐರನ್ನು, ಕಾಣದ ಕಣ್ಣು, ಅದರ ಮೇಲೆ ಆ ಬೋರ್ಡಿಗೆ ಕರೆಂಟು ಬೇರೆ ಕೊಟ್ಟುಬಿಟ್ಟರೆ ಎಂದು ಯೋಚಿಸುತ್ತ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತುಕೊಂಡೆ. ಮನೆ ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ನಿಂತೆ.

ಊಟದ ಟೇಬಲ್ಲಿನ ಒಂದು ಕಡೆ ಅಪ್ಪ, ಎದುರಿಗೆ ಕನ್ನಡಕ ಹಾಕಿಕೊಂಡು ಅಮ್ಮ. ಅಮ್ಮನ ಮುಂದೆ ಮೊರದಲ್ಲಿ ಹರಡಿದ ರೆಸಿಸ್ಟರ್‌ಗಳು. ಅಕ್ಕಿಕಾಳಿನಷ್ಟು ಸಣ್ಣ ಭಾಗಗಳು ಅವು. ಮೈಮೇಲಿನ ಬಣ್ಣದ ಪಟ್ಟೆ ನೋಡಿಯೇ ಅಳತೆ ಹೇಳಬೇಕು.

“ಇದು ಕಾಫಿಪುಡಿ, ಕಪ್ಪು, ಕುಂಕುಮ,” ಎಂದರು ಅಮ್ಮ.

“ಒಂದು ಕೆ. ಕೊಡು.”

“ಇದು ಅರಿಶಿನ, ನೇರಳೆಹಣ್ಣು, ಕುಂಕುಮ.”

“ನಾಲ್ಕು ಪಾಯಿಂಟ್ ಏಳು ಕೆ. ಪಕ್ಕಕ್ಕಿಡು.”

ಅಪ್ಪ ಬೆರಳಿನಿಂದಲೇ ತೂತು ಹುಡುಕಿ, ಕಾಲು ತೂರಿಸಿ, ಬೋರ್ಡು ಮಗುಚಿ, ಐರನ್ನಿನ ತುದಿಯನ್ನು ಎಡಗೈ ಉಗುರಿನ ಪಕ್ಕದಲ್ಲೇ ಜಾರಿಸಿ ತಂದು ಮುಟ್ಟಿಸುತ್ತಿದ್ದರು. ಇಬ್ಬರಿಗೂ ಇದು ಹೊಸದಲ್ಲ ಎಂಬುದು ನೋಡಿದೊಡನೆ ಗೊತ್ತಾಗುವಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಎಷ್ಟು ದಿನದಿಂದ ಅಮ್ಮ?”

ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ. “ದೀಪಾವಳಿಯಿಂದ. ಪೂಜೆ ದಿನ ಬತ್ತಿ ಹಚ್ಚೋಕೆ ಹೋಗಿ ಬೆರಳು ಸುಟ್ಕೊಂಡ್ರು. ಆವಾಗ ನಂಗೆ ಗೊತ್ತಾಯ್ತು.”

“ನಂಗ್ಯಾಕೆ ಹೇಳಲಿಲ್ಲ?”

“ನಿನಗೆ ಹೇಳಿದ್ರೆ ನೀನು ಊಟ ನಿದ್ದೆ ಬಿಡ್ತಿದ್ದೆ. ಮನೇಲಿ ಒಬ್ಬರಿಗೆ ಕಾಯಿಲೆ ಸಾಕು.”

ನಾನು ಏನೇನೋ ಕಿರುಚಿದೆ. ನನ್ನನ್ನು ಏನೆಂದುಕೊಂಡಿದ್ದೀರಿ, ನಾನೇನು ಮಗುವೇ ಎಂದೆಲ್ಲ. ಕಿರುಚುತ್ತಿರುವಾಗಲೇ ನಾನೂ ಹದಿನೈದು ದಿನದಿಂದ ಗೊತ್ತಿದ್ದೂ ಮುಚ್ಚಿಟ್ಟವಳು ಎಂಬುದು ನೆನಪಾಗಿ ಮಾತು ನಿಂತಿತು. ಅಪ್ಪ ಮುಂದಿನ ರೆಸಿಸ್ಟರ್‌ಗೆ ಕೈ ಚಾಚಿದರು.

“ಬೇಡ ಅಪ್ಪ. ಈ ಬೋರ್ಡು ತಪ್ಪಾಗಿದೆ.”

“ಎಲ್ಲಿ?”

ಅವರ ತೋರುಬೆರಳು ಹಿಡಿದು ಮೂಲೆಯ ಮೂರು ತೂತುಗಳ ಮೇಲೆ ಇಟ್ಟೆ. ಅಪ್ಪ ಆ ತೂತುಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮುಟ್ಟಿದರು. ಬೋರ್ಡು ಮಗುಚಿ ಮತ್ತೆ ಮುಟ್ಟಿದರು. ನಲವತ್ತು ವರ್ಷದ ಕೈ, ಹೇಳಿಕೊಡಬೇಕಾಗಲಿಲ್ಲ.

“ನಾನು ಇಲ್ಲಿ ಕೆಂಪು ಹಾಕಿದ್ನಾ?”

“ಹಾಕಿದ್ರಿ.”

“ನೀನು ಹಾಕಿದ ಬೋರ್ಡು ಅಂದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ,” ಎಂದರು ನಿಧಾನವಾಗಿ.

“ನೀವು ನೋಡ್ತೀರಲ್ಲ ಅಂದ್ಕೊಂಡು ನಾನು ನೋಡಲಿಲ್ಲ.”

“ಚೆನ್ನಾಗಿದೆ. ಅವರ ಮೇಲೆ ಇವಳು, ಇವಳ ಮೇಲೆ ಅವರು,” ಎಂದು ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನಾಳೆಯೇ ಕಣ್ಣಿನ ಆಸ್ಪತ್ರೆಗೆ ಹೋಗೋಣ ಎಂದೆ. ಅಪ್ಪ ಒಪ್ಪಲಿಲ್ಲ. ಸರಿಯಾದ ಬೋರ್ಡು ಬರಲಿ, ಆಂಪ್ಲಿಫೈಯರ್ ಹಾಡಲಿ, ಅದನ್ನು ಕೇಳಿ ಆಮೇಲೆ ಬರುತ್ತೇನೆ ಎಂದರು. “ಡಾಕ್ಟ್ರು ಏನು ಹೇಳ್ತಾರೋ ಏನೋ. ಐರನ್ ಮುಟ್ಟಬೇಡಿ ಅಂದ್ರೆ ಆಮೇಲೆ ನಾನು ಮುಟ್ಟೋ ಹಾಗಿಲ್ಲ. ಇದೊಂದು ಮುಗಿಸ್ತೀನಿ.” ಬೇಡಿಕೊಂಡೆ, ಬೈದೆ, ಅಮ್ಮನಿಂದ ಹೇಳಿಸಿದೆ. ಗೋಡೆಗೆ ಹೇಳಿದ ಹಾಗೆ. ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಸಿ, ಆ ದಿನಕ್ಕೆ ಎಂಟೇ ದಿನ ಇದೆ ಎಂದು ಹೇಳಿದೆ. ಬೋರ್ಡು ತಯಾರಿಸುವವರಿಗೆ ದಿನಕ್ಕೆ ಎರಡು ಸಲ ಫೋನ್ ಮಾಡಿದೆ, ಪಾಪ, ಆ ಕಡೆಯವರು ನನ್ನ ದನಿ ಕೇಳಿದರೇ ನಿಟ್ಟುಸಿರು ಬಿಡುವಂತಾಗಿತ್ತು.

ಆರನೆಯ ದಿನ ಸರಿಯಾದ ಬೋರ್ಡು ಬಂತು. ಈ ಸಲ ನಾನೇ ಮೂರು ಸಲ ಕೆಂಪು ತಿದ್ದಿದ್ದೆ. ರಜೆ ಹಾಕಿ ಇಬ್ಬರೂ ಕೂತೆವು. ಸಣ್ಣ ಭಾಗಗಳನ್ನೆಲ್ಲ ನಾನು ಸಾಲ್ಡರ್ ಮಾಡಿದೆ. ನಾಲ್ಕು ದೊಡ್ಡ ಟ್ರಾನ್ಸಿಸ್ಟರ್‌ಗಳನ್ನು ಅಪ್ಪನೇ ಮಾಡಿದರು.

ಹೊಸದಾಗಿ ಕಟ್ಟಿದ ಯಾವುದಕ್ಕೂ ಅಪ್ಪ ನೇರ ಕರೆಂಟ್ ಕೊಟ್ಟವರಲ್ಲ. ನಡುವೆ ಒಂದು ನೂರು ವಾಟಿನ ಹಳೆಯ ಬಲ್ಬು ಇರಬೇಕು, ಸೀರೀಸ್ ಬಲ್ಬು. ಒಳಗೆ ಎಲ್ಲಾದರೂ ತಪ್ಪಿದ್ದರೆ ಬಲ್ಬು ಝಗ್ಗೆಂದು ಹತ್ತಿಕೊಂಡು ಬೋರ್ಡು ಉಳಿಯುತ್ತದೆ. ಸರಿಯಿದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಸ್ವಿಚ್ಚಿನ ಮೇಲೆ ಅಪ್ಪನ ಬೆರಳು. ನಾನು ಕಣ್ಣು ಮುಚ್ಚಿಕೊಂಡೆ, ಇಷ್ಟು ವರ್ಷದ ಅನುಭವದವಳು.

“ಮಂಕಾಯ್ತು ಕಣೆ,” ಎಂದರು ಅಮ್ಮ. ನಾವಿಬ್ಬರೂ ನೋಡದ್ದನ್ನು ನೋಡಿದ್ದು ಅವರೇ.

ಸ್ಪೀಕರ್ ಸೇರಿಸಿ ಅಮ್ಮನ ಮೊಬೈಲಿನಿಂದ ಒಂದು ವೀಣೆ ಹಾಕಿದೆವು. ನನಗಂತೂ ಅಳು ಬಂತು. ಅಪ್ಪ ಮಾತ್ರ ಹಣೆ ಸುಕ್ಕು ಮಾಡಿ, “ಎಡಗಡೆ ಸಣ್ಣಗೆ ಗುಂಯ್ ಅಂತಿದೆ,” ಎಂದರು. ನನಗೆ ಕೇಳಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದರೂ ಕೇಳಲಿಲ್ಲ. ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಹಾದುಹೋದ ವೈರನ್ನು ಅರ್ಧ ಇಂಚು ಈಚೆಗೆ ಸರಿಸಲು ಹೇಳಿದರು. ಸರಿಸಿದೆ. “ಈಗ ಹೋಯ್ತು,” ಎಂದರು. ಆ ಕಿವಿಯ ಬಗ್ಗೆ ನನಗೆ ಆ ಹೊತ್ತು ಹೆಮ್ಮೆಯಾಯಿತು.

ಎರಡು ದಿನದ ಮೇಲೆ ಆಸ್ಪತ್ರೆ. ಕತ್ತಲೆ ಕೋಣೆಯಲ್ಲಿ ಒಂದು ಯಂತ್ರ. ಬೋಗುಣಿಯಂಥ ಬಿಳಿ ಗುಂಡಿಯೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಕ್ಕಪಕ್ಕದಲ್ಲಿ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಯಾವ ಜಾಗದಲ್ಲಿ ಒತ್ತಲಿಲ್ಲವೋ ಆ ಜಾಗ ಕಾಣುತ್ತಿಲ್ಲ ಎಂದು ಲೆಕ್ಕ. ಪರೀಕ್ಷೆ ಮಾಡುವ ಹುಡುಗಿ ನನಗೂ ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟಳು. ಬಲಗಣ್ಣು ಆಗಿ ಎಡಗಣ್ಣು ಶುರುವಾಯಿತು. ಅಪ್ಪನ ಬಟನ್ ಟಿಕ್, ಟಿಕ್ ಎನ್ನುತ್ತಲೇ ಇತ್ತು. ಒಂದೂ ತಪ್ಪುತ್ತಿಲ್ಲ. ಕಾಣುತ್ತಿದೆ, ಎಲ್ಲ ಕಾಣುತ್ತಿದೆ, ಸುಮ್ಮನೆ ಹೆದರಿದೆ ಎಂದು ನಾನು ಎಷ್ಟೋ ದಿನದ ಮೇಲೆ ಒಂದು ಉಸಿರು ಪೂರ್ತಿ ಬಿಟ್ಟೆ.

ಹುಡುಗಿ ಪರದೆ ನೋಡಿ ನಿಲ್ಲಿಸಿದಳು. “ಮೇಡಂ, ಅಂಕಲ್ ಬೆಳಕು ಹಾಕದೇ ಇದ್ದಾಗ್ಲೂ ಒತ್ತಿದಾರೆ. ಈ ಕಣ್ಣಿನ ರಿಪೋರ್ಟ್ ನಂಬೋಕಾಗಲ್ಲ. ಇನ್ನೊಂದ್ಸಲ ಮಾಡ್ಬೇಕು.” ಅಪ್ಪನ ಕಡೆ ತಿರುಗಿ, ಮಕ್ಕಳಿಗೆ ಹೇಳುವ ಹಾಗೆ ಜೋರಾಗಿ, “ಅಂಕಲ್, ಕಂಡ್ರೆ ಮಾತ್ರ ಒತ್ತಬೇಕು, ಗೊತ್ತಾಯ್ತಾ?” ಎಂದಳು. ಅಪ್ಪನಿಗೆ ಅರ್ಥವಾಗುವುದಿಲ್ಲ ಎಂದುಕೊಂಡಳಲ್ಲ ಎಂದು ನನಗೆ ಉರಿದುಹೋಯಿತು. ಏನೋ ಅನ್ನಲು ಬಾಯಿ ತೆರೆದೆ.

ಆಗ ಯಂತ್ರವನ್ನು ಅವಳು ಮತ್ತೆ ಶುರುಮಾಡಿದಳು. ಒಳಗೆ ಎಲ್ಲೋ ಒಂದು ಸಣ್ಣ ಮೋಟರು ಸರ್ರೆಂದು ತಿರುಗಿ ನಿಂತಿತು. ತೀರಾ ಸಣ್ಣ ಸದ್ದು, ಬೆಳಕು ಹಾಕಿದರೂ ಹಾಕದಿದ್ದರೂ ಬರುವಂಥದ್ದು. ಅದರ ಬೆನ್ನಿಗೇ ಅಪ್ಪನ ಬಟನ್ ಟಿಕ್ ಎಂದಿತು. ಮತ್ತೆ ಸರ್, ಮತ್ತೆ ಟಿಕ್.

ನಾನು ಎದ್ದು ಹೋಗಿ ಒಂದು ನಿಮಿಷ ನಿಲ್ಲಿಸಲು ಹೇಳಿದೆ. ಅಪ್ಪನ ಹೆಗಲ ಮೇಲೆ ಕೈ ಇಟ್ಟೆ.

“ಅಪ್ಪ, ಮೋಟರ್ ಸದ್ದು ಕೇಳಿ ಒತ್ತುತಾ ಇದ್ದೀರಾ?”

ಅಪ್ಪ ಬೋಗುಣಿಯೊಳಗಿಂದ ಮುಖ ತೆಗೆಯಲಿಲ್ಲ. ಹುಡುಗಿಗೆ ಕೇಳದ ಹಾಗೆ ಹೇಳಿದರು.

“ಕಂಡಾಗ ಮಾತ್ರ ಅಂದ್ರೆ, ಈ ಕಣ್ಣಲ್ಲಿ ನಾನು ಒತ್ತೋದೇ ಇಲ್ಲ ಕಣಮ್ಮ.”

“ಪರವಾಗಿಲ್ಲ ಅಪ್ಪ. ಒತ್ತಬೇಡಿ,” ಎಂದೆ. ಅವರು ತಲೆ ಆಡಿಸಿದರು. ಹುಡುಗಿಗೆ ವಿಷಯ ಹೇಳಿದೆ. ಅವಳು ಹತ್ತಿ ಕೊಡಲೇ ಎಂದು ಕಿವಿ ತೋರಿಸಿದಳು. ಅಪ್ಪ ಬೇಡ ಎಂದರು.

ಮತ್ತೆ ಕತ್ತಲೆ. ಮೋಟರು ಸರ್ರೆಂದಿತು. ಅಪ್ಪನ ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನೆ ಕೂತಿತ್ತು. ಸರ್. ಸುಮ್ಮನೆ. ಸರ್. ಸುಮ್ಮನೆ. ಎಣಿಸಬಾರದೆಂದುಕೊಂಡರೂ ಎಣಿಸಿದೆ. ಹತ್ತು ಆಯಿತು. ಹನ್ನೊಂದು ಆಯಿತು. ಹನ್ನೆರಡನೆಯದಕ್ಕೆ ಟಿಕ್ ಎಂದಿತು. ಅದು ನಿಜವಾಗಿ ಕಂಡದ್ದು. ನಾನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೊಂದಕ್ಕೆ ಕಾದೆ.